ನೈಟ್ರೋ ಬಗ್ಗಿಗೆ ಬ್ರಶ್‌ಲೆಸ್ ಮೋಟರ್: ಯಾವುದು ಹಾಕಲಿ?

ಧೂಳೆಬ್ಬಿಸು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು 1/8 ನೈಟ್ರೋ ಬಗ್ಗಿ ಇದೆ, ಅಂದರೆ ಅಸಲಿ ಗಾತ್ರದ ಎಂಟನೇ ಒಂದರಷ್ಟಿರುವ, ನೈಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಾರು. 21 ಸೈಜಿನ ಇಂಜಿನ್, ಅಂದರೆ 3.5 ಸಿಸಿ. ಇಂಜಿನ್ ಪೂರ್ತಿ ಸವೆದಿದೆ. ತಣ್ಣಗಿರುವಾಗ ಹೇಗೋ ಸ್ಟಾರ್ಟ್ ಆಗುತ್ತದೆ, ಬಿಸಿ ಆದಮೇಲೆ ಐಡಲ್‌ನಲ್ಲಿ ನಿಲ್ಲುವುದೇ ಇಲ್ಲ. ಪ್ಲಗ್ ಬದಲಾಯಿಸಿದೆ, ಇಂಧನ ಹದ ಮಾಡುವ ಸೂಜಿ ತಿರುಗಿಸಿ ತಿರುಗಿಸಿ ಸಾಕಾಯಿತು. ಅಕ್ಕಪಕ್ಕದವರಿಗೂ ಆ ಸದ್ದು ಸಾಕಾಗಿದೆ.

ಉಳಿದದ್ದೆಲ್ಲ ಚೆನ್ನಾಗಿದೆ. ಚಕ್ರಗಳಿಗೆ ಶಕ್ತಿ ಹಂಚುವ ಡಿಫ್ (ಡಿಫರೆನ್ಷಿಯಲ್) ಮುಂದೆ, ಮಧ್ಯೆ, ಹಿಂದೆ ಮೂರೂ ಸರಿ ಇವೆ, ಶಾಕ್ ಲೀಕ್ ಇಲ್ಲ. ಅದಕ್ಕೇ ಇಂಜಿನ್ ತೆಗೆದು ಬ್ರಶ್‌ಲೆಸ್ ಎಲೆಕ್ಟ್ರಿಕ್ ಮೋಟರ್ ಹಾಕೋಣ ಅಂತ. ಮೋಟರ್ ಎಷ್ಟು ಕೆವಿ (ವೋಲ್ಟ್‌ಗೆ ಎಷ್ಟು ಆರ್‌ಪಿಎಂ) ಇರಬೇಕು? ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಎಷ್ಟು ಆಂಪ್? ಬ್ಯಾಟರಿ 4ಎಸ್ (ನಾಲ್ಕು ಸೆಲ್) ಸಾಕಾ, 6ಎಸ್ ಬೇಕಾ? ಯಾರಾದರೂ ಮಾಡಿದ್ದರೆ ಹೇಳಿ.

ಮೂರುತಂತಿ:
4ಎಸ್, 2000 ಕೆವಿ, 150 ಆಂಪ್. ಮುಗೀತು.

ಗೇರ್‌ಹುಚ್ಚ:
ಮುಗಿದಿಲ್ಲ ಸ್ವಾಮಿ, ಕೆಲಸ ಇನ್ನೂ ಶುರುವಾಗಿಲ್ಲ.

ಎಲ್ಲರೂ ಮೊದಲು ಕೆವಿ ಕೇಳುತ್ತಾರೆ. ಮೋಟರ್, ಇಎಸ್‌ಸಿ ಯಾವುದಾದರೂ ಸಿಗುತ್ತದೆ. ಅದನ್ನು ಚಾಸಿ (ಕಾರಿನ ತಳದ ಪ್ಲೇಟ್) ಮೇಲೆ ಎಲ್ಲಿ, ಹೇಗೆ ಕೂರಿಸುತ್ತೀರಿ ಅನ್ನುವುದೇ ಈ ಕೆಲಸದ ಮುಕ್ಕಾಲು ಪಾಲು. ನೈಟ್ರೋ ಇಂಜಿನ್‌ಗೆ ಎರಡೂ ಬದಿ ರೆಕ್ಕೆ ಇರುತ್ತದೆ, ಕೆಳಗಿನಿಂದ ನಾಲ್ಕು ಬೋಲ್ಟ್ ಬಿಗಿದರೆ ಕೂತುಬಿಡುತ್ತದೆ. ಮೋಟರ್‌ಗೆ ರೆಕ್ಕೆ ಇಲ್ಲ. ಅದನ್ನು ಮುಖದ ಕಡೆಯಿಂದ ಸ್ಕ್ರೂ ಹಾಕಿ ನಿಲ್ಲಿಸಬೇಕು. ಅಂದರೆ ಚಾಸಿ ಮೇಲೆ ನೆಟ್ಟಗೆ ನಿಂತ ಒಂದು ಗಟ್ಟಿ ಪ್ಲೇಟ್ ಬೇಕು. ಅದು ಒಂದು ಕೂದಲೆಳೆ ಬಾಗಿದರೂ ಪಿನಿಯನ್ (ಮೋಟರ್ ಶಾಫ್ಟಿನ ಸಣ್ಣ ಗೇರ್) ಹಾರಿ, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ಹಲ್ಲು ತಿನ್ನುತ್ತದೆ.

ನಿಮ್ಮ ಬಗ್ಗಿ ಯಾವ ಮಾಡೆಲ್? ಅದೇ ಕಂಪನಿ ಎಲೆಕ್ಟ್ರಿಕ್ ಬಗ್ಗಿಯನ್ನೂ ಮಾಡಿದ್ದರೆ ಅದೃಷ್ಟ. ಕ್ಯೋಶೋ ಇನ್ಫರ್ನೋ, ಲೋಸಿ ಏಟ್, ಟ್ರಾಕ್ಸಾಸ್ ರೆವೋ, ಎಚ್‌ಪಿಐ ಸ್ಯಾವೇಜ್, ಇವಕ್ಕೆಲ್ಲ ಎಲೆಕ್ಟ್ರಿಕ್ ಅಣ್ಣತಮ್ಮಂದಿರು ಇದ್ದಾರೆ. ಮೋಟರ್ ಮೌಂಟ್, ಬ್ಯಾಟರಿ ಟ್ರೇ ಅಲ್ಲಿಂದಲೇ ತರಬಹುದು. ಆದರೆ ಕೆಲವು ಮಾಡೆಲ್‌ಗಳಲ್ಲಿ ಎಲೆಕ್ಟ್ರಿಕ್‌ಗೆ ಸೆಂಟರ್ ಡಿಫ್ ಅನ್ನೇ ಜರುಗಿಸಿದ್ದಾರೆ. ಅಲ್ಲಿ ಮೌಂಟ್ ಮಾತ್ರ ತಂದರೆ ಡ್ರೈವ್ ಶಾಫ್ಟ್ ಉದ್ದ ಹೊಂದುವುದಿಲ್ಲ. ತರುವ ಮುಂಚೆ ಅಳತೆ ನೋಡಿ.

ಹೊಗೆಪ್ರೇಮಿ:
ಸವೆದಿರುವುದು ಪಿಸ್ಟನ್ ಮತ್ತು ಅದು ಓಡಾಡುವ ಕೊಳವೆ, ಅಂದರೆ ಸ್ಲೀವ್. ಅದಕ್ಕೆ ಇಡೀ ಕಾರಿನ ಜಾತಿ ಕೆಡಿಸುವುದು ಯಾಕೆ? ಹೊಸ ಪಿಸ್ಟನ್-ಸ್ಲೀವ್ ಸೆಟ್ ಹಾಕಿ, ನಿಧಾನವಾಗಿ ಓಡಿಸಿ ಬ್ರೇಕ್-ಇನ್ ಮಾಡಿ (ಹೊಸ ಭಾಗ ಹದಕ್ಕೆ ತನ್ನಿ), ಇನ್ನೂ ಎಷ್ಟೋ ಗ್ಯಾಲನ್ ಓಡುತ್ತದೆ. ಸದ್ದಿಲ್ಲದ ಬಗ್ಗಿ ಯಾರಿಗೆ ಬೇಕು.

ಮೂರುತಂತಿ:
ಶುರುವಾಯಿತು ನೋಡಿ.

ಧೂಳೆಬ್ಬಿಸು:
@ಹೊಗೆಪ್ರೇಮಿ ಸರ್, ಫ್ಲೈವೀಲ್ ಕೈಯಲ್ಲಿ ತಿರುಗಿಸಿದರೆ ಮೇಲ್ತುದಿಯಲ್ಲಿ ಬಿಗಿಯೇ ಸಿಗುವುದಿಲ್ಲ. ಸ್ಲೀವ್ ಪಿಂಚ್ ಮಾಡಿಸಿದರೆ (ಮೇಲ್ಭಾಗ ಒತ್ತಿ ಕಿರಿದು ಮಾಡಿಸಿದರೆ) ಸರಿ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಆದರೆ ನನಗೆ ಸೂಜಿ ತಿರುಗಿಸುವ ಕೆಲಸದಿಂದಲೇ ಬಿಡುಗಡೆ ಬೇಕು.

ಹೊಗೆಪ್ರೇಮಿ:
ಪಿಂಚ್ ಮಾಡಿದ್ದು ಜಾಸ್ತಿ ದಿನ ಬರುವುದಿಲ್ಲ, ಅದು ನಿಜ. ಈ ಇಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಸ್ಲೀವ್ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಬಿಸಿಯಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಆ ಕಿರಿದು ಭಾಗ ಸವೆದರೆ ಬಿಸಿಯಲ್ಲಿ ಕಂಪ್ರೆಶನ್ ಸೋರುತ್ತದೆ. ನಿಮಗೆ ಆಗುತ್ತಿರುವುದು ಅದೇ. ಮನಸ್ಸು ಮಾಡಿಬಿಟ್ಟಿದ್ದರೆ ನಾನು ತಡೆಯುವುದಿಲ್ಲ. ಆದರೆ ಇಂಜಿನ್ ಬಿಸಾಡಬೇಡಿ.

ಲೆಕ್ಕದಮೇಷ್ಟ್ರು:
ಕೆವಿ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ, ಆಮೇಲೆ ಜಗಳ ಆಡಿ.

ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ ಅಂತ. 4ಎಸ್ ಬ್ಯಾಟರಿ 14.8 ವೋಲ್ಟ್. 2000 ಕೆವಿ ಮೋಟರ್‌ಗೆ ಅದು 29,600 ಆರ್‌ಪಿಎಂ. ನೈಟ್ರೋ ಇಂಜಿನ್ 30 ಸಾವಿರದ ಮೇಲೆ ಕೂಗುತ್ತದೆ. ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಇದಕ್ಕೇ 1/8 ಬಗ್ಗಿಗೆ ಎಲ್ಲರೂ 4ಎಸ್, 2000 ಕೆವಿ ಅನ್ನುವುದು. ಅದು ಬಾಯಿಮಾತಲ್ಲ.

ಈಗ ಗೇರ್. ಸ್ಪರ್ 46 ಹಲ್ಲು, ಪಿನಿಯನ್ 15 ಅಂದುಕೊಳ್ಳಿ, 3.07 ಆಯಿತು. ಹಿಂದಿನ ಡಿಫ್‌ನಲ್ಲಿ 43 ಮತ್ತು 13 ಇದ್ದರೆ 3.31. ಎರಡನ್ನೂ ಗುಣಿಸಿದರೆ 10.14. ಟೈರ್ ವ್ಯಾಸ 112 ಮಿಮೀ ಹಿಡಿದರೆ ಗಂಟೆಗೆ ಸುಮಾರು 62 ಕಿಮೀ. ನಿಜವಾದ ಓಟದಲ್ಲಿ ಇದಕ್ಕಿಂತ ಕಡಿಮೆ ಬರುತ್ತದೆ, ಲೋಡ್ ಇರುತ್ತದಲ್ವಾ. ಬಗ್ಗಿಗೆ ಇಷ್ಟು ಸಾಕು.

ವೋಲ್ಟೇಜ್‌ರಾಜ:
ಮೇಷ್ಟ್ರೇ, 6ಎಸ್ ಯಾಕೆ ಬಿಟ್ಟಿರಿ? 1500 ವ್ಯಾಟ್ ಬೇಕಾದಾಗ 4ಎಸ್‌ನಲ್ಲಿ ಸುಮಾರು 101 ಆಂಪ್ ಎಳೆಯುತ್ತದೆ. 6ಎಸ್‌ನಲ್ಲಿ 68 ಸಾಕು. ಆಂಪ್ ಕಡಿಮೆ ಅಂದರೆ ತಂತಿ ತಣ್ಣಗೆ, ಕನೆಕ್ಟರ್ ತಣ್ಣಗೆ, ಇಎಸ್‌ಸಿ ತಣ್ಣಗೆ. ನನ್ನ ಟ್ರಗ್ಗಿ (ದೊಡ್ಡ ಟೈರಿನ ಬಗ್ಗಿ) 6ಎಸ್‌ನಲ್ಲೇ ಓಡುತ್ತದೆ, ಮೋಟರ್ ಮುಟ್ಟಿದರೆ ಬೆಚ್ಚಗೆ ಅಷ್ಟೇ.

ಲೆಕ್ಕದಮೇಷ್ಟ್ರು:
ಲೆಕ್ಕ ಸರಿ. ಆದರೆ ಅದೇ 2000 ಕೆವಿ ಮೋಟರ್‌ಗೆ 6ಎಸ್ ಕೊಟ್ಟರೆ 44,400 ಆರ್‌ಪಿಎಂ. ಆಗ ಪಿನಿಯನ್ ಸಣ್ಣದು ಮಾಡಬೇಕು, ಇಲ್ಲ 1400-1500 ಕೆವಿ ಮೋಟರ್ ತರಬೇಕು. ಟ್ರಗ್ಗಿಗೆ ನೀವು ಹೇಳಿದ್ದು ಒಪ್ಪುತ್ತೇನೆ, ಅದರ ಟೈರ್ ದೊಡ್ಡದು, ತೂಕವೂ ಜಾಸ್ತಿ. ನೈಟ್ರೋ ಬಗ್ಗಿಯ ಚಾಸಿಯಲ್ಲಿ ಇನ್ನೂ ಎರಡು ಸೆಲ್ ಇಡಲು ಜಾಗ ಎಲ್ಲಿದೆ?

ವೋಲ್ಟೇಜ್‌ರಾಜ:
ಜಾಗ ಮಾಡಿಕೊಳ್ಳಬೇಕು.

ಗೇರ್‌ಹುಚ್ಚ:
ಹಾಗೆ ಜಾಗ ಮಾಡಿಕೊಂಡು ಬ್ಯಾಟರಿಯ ಅರ್ಧ ಚಾಸಿಯಿಂದ ಹೊರಗೆ ಇಟ್ಟವರನ್ನು ನೋಡಿದ್ದೇನೆ. ಮೊದಲ ಪಲ್ಟಿಗೇ ಹೋಯಿತು.

ಬಡಗಿಮನೆ:
ಮೌಂಟ್ ವಿಷಯಕ್ಕೆ ಬರುತ್ತೇನೆ. ನಾನು ಕೈಯಲ್ಲೇ ಮಾಡುವವನು, ಮಷಿನ್ ಇಲ್ಲ. ಹಳೇ ಇಂಜಿನ್ ಮೌಂಟ್‌ನ ತೂತುಗಳನ್ನೇ ಉಪಯೋಗಿಸಿಕೊಳ್ಳಿ, ಚಾಸಿಗೆ ಹೊಸ ತೂತು ಕೊರೆಯುವ ಕೆಲಸ ಉಳಿಯುತ್ತದೆ. 5 ಅಥವಾ 6 ಮಿಮೀ ದಪ್ಪದ ಅಲ್ಯೂಮಿನಿಯಂ ಎಲ್-ಆಂಗಲ್ ತಗೊಳ್ಳಿ. ತೆಳ್ಳಗಿನ ತಗಡು ಬೇಡವೇ ಬೇಡ.

ಸ್ಪರ್ ಮತ್ತು ಪಿನಿಯನ್‌ನ ನಡುಬಿಂದುಗಳ ದೂರ ಹೀಗೆ ತಿಳಿಯುತ್ತದೆ. 1/8 ಬಗ್ಗಿಗಳಲ್ಲಿ ಸಾಮಾನ್ಯವಾಗಿ ಮಾಡ್ಯೂಲ್ 1 (ಹಲ್ಲಿನ ಅಳತೆ) ಗೇರ್ ಇರುತ್ತದೆ. ಎರಡರ ಹಲ್ಲು ಕೂಡಿಸಿ ಅರ್ಧ ಮಾಡಿದರೆ ಮಿಮೀ ಸಿಗುತ್ತದೆ. 46 ಮತ್ತು 13 ಆದರೆ 29.5. ಪಿನಿಯನ್ 15 ಆದರೆ 30.5. ಒಂದು ಹಲ್ಲಿಗೆ ಅರ್ಧ ಮಿಮೀ ಜರುಗಬೇಕು. ಹಾಗಾಗಿ ಮೌಂಟ್‌ನಲ್ಲಿ ಗುಂಡು ತೂತು ಬೇಡ, ಸ್ಕ್ರೂ 4 ಮಿಮೀ ಜರುಗುವಷ್ಟು ಉದ್ದದ ಸ್ಲಾಟ್ ಮಾಡಿ. ಆಗ ಏಳೆಂಟು ಪಿನಿಯನ್ ಬದಲಾಯಿಸಿ ನೋಡಬಹುದು. ಸ್ಲಾಟ್ ಒಳಗೆ ಫೈಲ್ ಹಿಡಿದು ನುಣ್ಣಗೆ ಮಾಡಿ, ವಾಷರ್ ದೊಡ್ಡದು ಹಾಕಿ.

ಇನ್ನೊಂದು. 42 ಮಿಮೀ ದಪ್ಪದ ಮೋಟರ್ ತಂದರೆ ಅದರ ಮೈ ಮಧ್ಯದಿಂದ 21 ಮಿಮೀ ಹೊರಗೆ ಬರುತ್ತದೆ. 30.5 ರಲ್ಲಿ 21 ಕಳೆಯಿರಿ. ಸೆಂಟರ್ ಡ್ರೈವ್ ಶಾಫ್ಟ್‌ನ ನಡುಗೆರೆಗೆ ಉಳಿಯುವುದು 9.5 ಮಾತ್ರ. ಶಾಫ್ಟ್ ಪರವಾಗಿಲ್ಲ. ಆ ಬದಿಯಲ್ಲಿ ಬ್ರೇಕ್ ಡಿಸ್ಕ್ ಇದ್ದರೆ ಅದು ಮೋಟರ್ ಮೈಗೆ ಉಜ್ಜುತ್ತದೆ. ಡಿಸ್ಕ್ ಬಿಚ್ಚಲೇಬೇಕು.

ಧೂಳೆಬ್ಬಿಸು:
@ಬಡಗಿಮನೆ ಈ 9.5 ಲೆಕ್ಕ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಥ್ಯಾಂಕ್ಸ್. ಈಗ ಎಣಿಸಿ ಬಂದೆ. ಕ್ಲಚ್ ಬೆಲ್ (ಇಂಜಿನ್ ಬದಿಯ ಗೇರ್) 13 ಹಲ್ಲು, ಸ್ಪರ್ 46, ಸ್ಟೀಲ್. ನನ್ನ ಹತ್ತಿರ ಬೇರೆ ಕಾರಿನ 32 ಪಿಚ್ ಪಿನಿಯನ್ ಕೆಲವು ಇವೆ. ಅವು ಆಗುತ್ತವಾ?

ಬಡಗಿಮನೆ:
ಆಗುವುದಿಲ್ಲ. 32 ಪಿಚ್ ಅಂದರೆ ಮಾಡ್ಯೂಲ್ 0.8 ಹತ್ತಿರ. ಹಲ್ಲು ಸಣ್ಣದು. ಜೊತೆಗೆ ಈ ದೊಡ್ಡ ಮೋಟರ್‌ಗಳ ಶಾಫ್ಟ್ 5 ಮಿಮೀ. 540 ಸೈಜಿನ ಮೋಟರ್ ಪಿನಿಯನ್ ತೂತು 3.17 ಮಿಮೀ. ಅದು ಒಳಗೇ ಹೋಗುವುದಿಲ್ಲ.

ಕಣ್ಣಳತೆ:
ಗೇರ್ ಮೆಶ್‌ಗೆ (ಹಲ್ಲು ಹಲ್ಲಿಗೆ ಕಚ್ಚುವ ಬಿಗಿಗೆ) ಕಾಗದದ ಚೂರು ಮರೆಯಬೇಡಿ. ಎರಡು ಗೇರ್ ನಡುವೆ ಇಟ್ಟು ಒತ್ತಿ ಹಿಡಿದು ಬೋಲ್ಟ್ ಬಿಗಿಯಿರಿ, ಆಮೇಲೆ ತಿರುಗಿಸಿ ಕಾಗದ ತೆಗೆಯಿರಿ. ಸ್ಪರ್ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಕೆಲವು ಸ್ಪರ್ ಸ್ವಲ್ಪ ಓರೆ ಇರುತ್ತವೆ. ಬಿಗಿ ಇರುವ ಜಾಗದಲ್ಲೇ ಅಳತೆ ಇಡಬೇಕು.

ಬೆಲ್ಟ್‌ಕಾರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು 1/10 ನೈಟ್ರೋ ಟೂರಿಂಗ್, ಬೆಲ್ಟ್ ಡ್ರೈವ್, ಎರಡು ಸ್ಪೀಡ್ ಗೇರ್‌ಬಾಕ್ಸ್. ಅದಕ್ಕೂ ಇದೇ ತರಹ ಮಾಡಬಹುದಾ? ಎರಡು ಸ್ಪೀಡ್ ಹಾಗೇ ಬಿಟ್ಟರೆ ಇನ್ನೂ ಮಜಾ ಅಲ್ವಾ?

ಗೇರ್‌ಹುಚ್ಚ:
ಬೇಡ. ಆ ಗೇರ್‌ಬಾಕ್ಸ್‌ನ ಮೊದಲ ಗೇರ್‌ನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಒನ್-ವೇ ಬೇರಿಂಗ್ ಇರುತ್ತದೆ. ಎರಡನೇ ಗೇರ್ ವೇಗ ಹೆಚ್ಚಾದಾಗ ತಾನಾಗಿ ಹಿಡಿಯುತ್ತದೆ. ನೈಟ್ರೋದಲ್ಲಿ ಬ್ರೇಕ್ ಬೇರೆ ಕಡೆ ಇರುವುದರಿಂದ ತೊಂದರೆ ಇಲ್ಲ. ಎಲೆಕ್ಟ್ರಿಕ್‌ನಲ್ಲಿ ಬ್ರೇಕ್ ಹಾಕುವುದು ಮೋಟರ್. ಮೊದಲ ಗೇರ್‌ನಲ್ಲಿ ಮೋಟರ್ ನಿಂತರೂ ಒನ್-ವೇ ಸುಮ್ನೆ ಜಾರುತ್ತದೆ, ಕಾರು ಓಡುತ್ತಲೇ ಇರುತ್ತದೆ. ರಿವರ್ಸ್ ಕೂಡ ಬರುವುದಿಲ್ಲ. ಎರಡು ಸ್ಪೀಡ್ ತೆಗೆದು ಶಾಫ್ಟ್‌ಗೆ ನೇರವಾಗಿ ಕಚ್ಚುವ ಒಂದೇ ಸ್ಪರ್ ಹಾಕಿ. ಬ್ರಶ್‌ಲೆಸ್ ಮೋಟರ್‌ಗೆ ನಿಂತಲ್ಲಿಂದಲೇ ಟಾರ್ಕ್ ಇದೆ, ಎರಡನೇ ಗೇರ್ ಯಾಕೆ ಬೇಕು.

ಬೆಲ್ಟ್‌ಕಾರು:
ಓ, ಸರಿ. ಇದು ಗೊತ್ತಿರಲಿಲ್ಲ. ಬೇರೆ ಚರ್ಚೆ ಶುರು ಮಾಡುತ್ತೇನೆ.

ನಾಲ್ಕುಚಕ್ರ:
ಬ್ರೇಕ್ ಮಾತು ಬಂತಲ್ಲ, 1/8 ನಲ್ಲೂ ಒಂದು ವ್ಯತ್ಯಾಸ ಇದೆ. ನೈಟ್ರೋ ಬಗ್ಗಿಯಲ್ಲಿ ಸೆಂಟರ್ ಡಿಫ್‌ನ ಎರಡು ಬದಿಗೂ ಒಂದೊಂದು ಡಿಸ್ಕ್. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಬ್ರೇಕ್ ಅಂತ ಬೇರೆ ಬೇರೆ ಇಡಬಹುದು. ಮೋಟರ್ ಬ್ರೇಕ್ ಸ್ಪರ್ ಮೂಲಕ ಡಿಫ್‌ನ ಹೊರ ಡಬ್ಬಿಯನ್ನು ಹಿಡಿಯುತ್ತದೆ. ಆಮೇಲೆ ಮುಂದೆ-ಹಿಂದೆ ಹಂಚುವುದು ಡಿಫ್ ಒಳಗಿನ ಎಣ್ಣೆ. ಆ ಹಂಚಿಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹಾಗಾಗಿ ಸೆಂಟರ್ ಡಿಫ್ ಎಣ್ಣೆ ದಪ್ಪ ಮಾಡಿ. ನೈಟ್ರೋದಲ್ಲಿ 5000 (ಎಣ್ಣೆಯ ದಪ್ಪದ ಅಂಕ) ಇದ್ದರೆ 7000 ಇಲ್ಲ 10,000 ಹಾಕಿ ನೋಡಿ. ಬ್ರಶ್‌ಲೆಸ್‌ನ ಟಾರ್ಕ್ ಒಮ್ಮೆಲೇ ಬರುತ್ತದೆ, ತೆಳ್ಳಗಿನ ಎಣ್ಣೆ ಇದ್ದರೆ ಮುಂದಿನ ಚಕ್ರ ಗಾಳಿಯಲ್ಲಿ ಸುತ್ತುತ್ತದೆ, ಹಿಂದಿನದು ತೆವಳುತ್ತದೆ.

ಹೊಗೆಪ್ರೇಮಿ:
ನೋಡಿದಿರಾ? ಒಳ್ಳೇ ಬ್ರೇಕ್ ಬಿಚ್ಚಿ ಹಾಕಿ, ಎಣ್ಣೆ ಬದಲಾಯಿಸಿ, ಮೌಂಟ್ ಕೊರೆದು... ಒಂದು ಪಿಸ್ಟನ್ ಹಾಕಿದ್ದರೆ ಇಷ್ಟು ಹೊತ್ತಿಗೆ ಓಡಿಸುತ್ತಿದ್ದಿರಿ.

ಮೂರುತಂತಿ:
ಇಷ್ಟು ಹೊತ್ತಿಗೆ ಸ್ಟಾರ್ಟ್ ಆಗದ ಇಂಜಿನ್‌ಗೆ ಗ್ಲೋ ಪ್ಲಗ್ ಬಿಸಿ ಮಾಡುತ್ತಾ ಕೂತಿರುತ್ತಿದ್ದರು.

ಹೊಗೆಪ್ರೇಮಿ:
ಟ್ಯೂನಿಂಗ್ ಬಾರದವರ ಮಾತು ಅದು. 125 ಸಿಸಿ ಟ್ಯಾಂಕ್ ತುಂಬಲು ಕೆಲವೇ ಸೆಕೆಂಡು ಸಾಕು, ಮತ್ತೆ ಓಡಿಸಿ. ನಿಮ್ಮ ಬ್ಯಾಟರಿ ಚಾರ್ಜ್ ಆಗಲು ಒಂದು ಗಂಟೆ ಕಾಯಬೇಕು.

ವೋಲ್ಟೇಜ್‌ರಾಜ:
ಎರಡು ಬ್ಯಾಟರಿ ಇಟ್ಟುಕೊಂಡರೆ ಮುಗಿಯಿತು. ಒಂದು ಓಡುವಾಗ ಇನ್ನೊಂದು ಚಾರ್ಜ್. ಚಾಸಿ ಮೇಲೆ ಎಣ್ಣೆ ಜಿಡ್ಡು ಇಲ್ಲ, ಕೈಯಲ್ಲಿ ವಾಸನೆ ಇಲ್ಲ.

ಹೊಗೆಪ್ರೇಮಿ:
ಆ ವಾಸನೆಗೇ ತಾನೇ ನಾವು ಬರುವುದು.

ಸುಟ್ಟಕೈ:
ವಾಸನೆ, ಸದ್ದು ಇರಲಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬಗ್ಗೆ ಯಾರೂ ಎಚ್ಚರಿಕೆ ಹೇಳಲಿಲ್ಲ. ನೈಟ್ರೋದಿಂದ ಬರುವವರಿಗೆ ಇದು ಹೊಸದು. ಒಂದು ಸೆಲ್ 4.2 ವೋಲ್ಟ್‌ಗಿಂತ ಮೇಲೆ ಹೋಗಬಾರದು. ಎಲ್ಲ ಸೆಲ್ ಸಮ ಮಾಡುವ ಬ್ಯಾಲೆನ್ಸ್ ಚಾರ್ಜ್ ಮಾತ್ರ ಮಾಡಿ. ಇಎಸ್‌ಸಿಯಲ್ಲಿ ಕಟ್-ಆಫ್ (ಓಟ ನಿಲ್ಲಿಸುವ ಮಟ್ಟ) ಸೆಲ್‌ಗೆ 3.2 ರಿಂದ 3.4 ವೋಲ್ಟ್ ಇಡಿ. ಕೆಲವು ದಿನ ಓಡಿಸುವುದಿಲ್ಲ ಅಂದರೆ 3.8 ಹತ್ತಿರ ತಂದು ಇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ.

ಹೊಗೆಪ್ರೇಮಿ:
ನೋಡಿ, ಬಾಂಬ್ ಕಟ್ಟಿಕೊಂಡು ಓಡಿಸುವುದು.

ಸುಟ್ಟಕೈ:
ನೈಟ್ರೋ ಇಂಧನ ಏನು ಗಂಗಾಜಲವಾ? ಅದರಲ್ಲಿ ಜಾಸ್ತಿ ಪಾಲು ಮೆಥನಾಲ್. ಮೆಥನಾಲ್ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಕುಡಿದರೆ ಕಣ್ಣೇ ಹೋಗುತ್ತದೆ. ಎರಡರಲ್ಲೂ ಅಪಾಯ ಇದೆ, ಎಚ್ಚರ ಬೇರೆ ಬೇರೆ ತರಹದ್ದು ಅಷ್ಟೇ.

ಹೊಗೆಪ್ರೇಮಿ:
ಇದನ್ನು ಒಪ್ಪುತ್ತೇನೆ.

ಧೂಳೆಬ್ಬಿಸು:
ನನ್ನ ಪ್ರಶ್ನೆಗೆ ವಾಪಸ್ ಬರೋಣ. ಸೆನ್ಸರ್ (ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ತಿಳಿಸುವುದು) ಇರುವ ಮೋಟರ್ ತಗೊಳ್ಳಲಾ, ಇಲ್ಲದ್ದಾ? ಥ್ರಾಟಲ್ ಸರ್ವೋ ಮತ್ತು ರಿಸೀವರ್ ಬ್ಯಾಟರಿ ಹಾಗೇ ಇರಲಾ?

ಮೂರುತಂತಿ:
ಥ್ರಾಟಲ್ ಸರ್ವೋ ಬಿಚ್ಚಿ. ಆ ಚಾನಲ್‌ಗೆ ಇಎಸ್‌ಸಿ ತಂತಿ ಹಾಕಿ. ರಿಸೀವರ್ ಬ್ಯಾಟರಿಯೂ ಬೇಡ, ಇಎಸ್‌ಸಿಯ ಬಿಇಸಿಯಿಂದಲೇ (ರಿಸೀವರ್‌ಗೆ ವಿದ್ಯುತ್ ಕೊಡುವ ಭಾಗ) 6 ವೋಲ್ಟ್ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಜೋಡಿಸಬೇಡಿ. ಆಮೇಲೆ ರಿಮೋಟ್‌ನಲ್ಲಿ ಥ್ರಾಟಲ್ ಟ್ರಿಮ್ ಸೊನ್ನೆಗೆ ತಂದು ಇಎಸ್‌ಸಿ ಕ್ಯಾಲಿಬ್ರೇಟ್ ಮಾಡಿ. ನೈಟ್ರೋಗೆ ಇಟ್ಟ ಸೆಟ್ಟಿಂಗ್ ಉಳಿದಿದ್ದರೆ ಸ್ವಿಚ್ ಹಾಕಿದ ಕೂಡಲೇ ಕಾರು ಹೊರಟುಬಿಡುತ್ತದೆ. ಫೇಲ್-ಸೇಫ್ (ಸಿಗ್ನಲ್ ಹೋದರೆ ಕಾರು ನಿಲ್ಲಿಸುವ ಸೆಟ್ಟಿಂಗ್) ಕೂಡ ಹೊಸದಾಗಿ ಇಡಿ.

ಸೆನ್ಸರ್ ಬಗ್ಗೆ: ಬಗ್ಗಿಗೆ ಸೆನ್ಸರ್ ಇಲ್ಲದ್ದೇ ಸಾಕು. ನಿಂತಲ್ಲಿಂದ ಹೊರಡುವಾಗ ಸ್ವಲ್ಪ ತಡವರಿಸಬಹುದು, ಆಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೋಟರ್ ಉಲ್ಟಾ ತಿರುಗಿದರೆ ಮೂರು ತಂತಿಯಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ.

ಕಣ್ಣಳತೆ:
ಆ ಕೊನೆಯ ಮಾತಿಗೆ ತಿದ್ದುಪಡಿ. ಅದಲು ಬದಲು ಸೆನ್ಸರ್ ಇಲ್ಲದ ಮೋಟರ್‌ಗೆ ಮಾತ್ರ. ಸೆನ್ಸರ್ ತಂತಿ ಹಾಕಿದ್ದರೆ ಎ, ಬಿ, ಸಿ ಹೇಗೆ ಬರೆದಿದೆಯೋ ಹಾಗೇ ಜೋಡಿಸಬೇಕು. ದಿಕ್ಕು ಬದಲಾಯಿಸುವುದು ಇಎಸ್‌ಸಿ ಸೆಟ್ಟಿಂಗ್‌ನಲ್ಲಿ. ಇಲ್ಲದಿದ್ದರೆ ಇಎಸ್‌ಸಿ ಸುಡಬಹುದು.

ಮೂರುತಂತಿ:
ನಾನು ಸೆನ್ಸರ್ ಇಲ್ಲದ್ದರ ಬಗ್ಗೆಯೇ ಹೇಳಿದ್ದು.

ಕಣ್ಣಳತೆ:
ಓದುವವರಿಗೆ ಅದು ಗೊತ್ತಾಗಬೇಕಲ್ವಾ.

ಬಡಗಿಮನೆ:
ತೂಕದ ಬಗ್ಗೆ. ಇಂಜಿನ್, ಪೈಪ್, ಟ್ಯಾಂಕ್, ಒಂದು ಸರ್ವೋ, ರಿಸೀವರ್ ಬ್ಯಾಟರಿ, ಎಲ್ಲ ಹೋಗುತ್ತದೆ. ಮೋಟರ್, ಇಎಸ್‌ಸಿ, ಅರ್ಧ ಕಿಲೋ ಹತ್ತಿರದ ಬ್ಯಾಟರಿ ಬರುತ್ತದೆ. ಒಟ್ಟು ತೂಕ ತೀರಾ ಬದಲಾಗುವುದಿಲ್ಲ, ಆದರೆ ಎಡ-ಬಲ ಬದಲಾಗುತ್ತದೆ. ಮೋಟರ್ ಇಂಜಿನ್ ಜಾಗದಲ್ಲೇ ಕೂರುತ್ತದೆ, ಬ್ಯಾಟರಿ ಟ್ಯಾಂಕ್ ಇದ್ದ ಬದಿಗೆ. ಚಾಸಿಯ ನಡುಗೆರೆಯ ಮೇಲೆ ಮುಂದೊಂದು ಹಿಂದೊಂದು ಸ್ಕ್ರೂಡ್ರೈವರ್ ತುದಿ ಇಟ್ಟು ಎತ್ತಿ ನೋಡಿ, ಯಾವ ಕಡೆ ವಾಲುತ್ತದೆ ಅಂತ. ಟ್ರೇ ಪಕ್ಕಾ ಮಾಡುವ ಮುಂಚೆ ಇದನ್ನು ನೋಡಿಕೊಂಡರೆ ಒಳ್ಳೆಯದು.

ಚಾಸಿ ಅಲ್ಯೂಮಿನಿಯಂ ಅಲ್ವಾ, ಬ್ಯಾಟರಿ ಕೆಳಗೆ ಸ್ಕ್ರೂ ತಲೆ ಚುಚ್ಚದ ಹಾಗೆ ತೆಳು ರಬ್ಬರ್ ಹಾಕಿ. ಫ್ಲೈವೀಲ್‌ಗೆ ಅಂತ ಚಾಸಿಯಲ್ಲಿ ಬಿಟ್ಟ ಉದ್ದ ತೂತನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಇಲ್ಲದಿದ್ದರೆ ಕಲ್ಲು ನೇರ ಪಿನಿಯನ್‌ಗೆ ಬರುತ್ತದೆ. ಇದಕ್ಕೆಲ್ಲ ಮೊದಲು ಹಳೇ ಕ್ಯಾಸ್ಟರ್ ಎಣ್ಣೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ತೆಗೆಯಿರಿ. ಆ ಜಿಡ್ಡಿನ ಮೇಲೆ ಯಾವ ಅಂಟು ಟೇಪೂ ನಿಲ್ಲುವುದಿಲ್ಲ.

ಸುಮ್ಮನೆಬಂದೆ:
ಇದೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಸಿದ್ಧ ಎಲೆಕ್ಟ್ರಿಕ್ ಬಗ್ಗಿಯನ್ನೇ ತಗೊಂಡು ಇದನ್ನು ಮಾರಿದರೆ ಆಗುವುದಿಲ್ವಾ?

ಗೇರ್‌ಹುಚ್ಚ:
ಆಗುತ್ತದೆ. ಬಿಡಿಭಾಗ ಸಿಗದ ಹಳೇ ಮಾಡೆಲ್ ಆಗಿದ್ದರೆ ಅದೇ ಜಾಣತನ. ಡಿಫ್ ಒಳಗಿನ ಗೇರ್ ಸಿಗದ ಕಾರಿಗೆ ಬ್ರಶ್‌ಲೆಸ್ ಹಾಕಿದರೆ ಮೊದಲು ಮುರಿಯುವುದೇ ಅದು, ಆಮೇಲೆ ಕಾರನ್ನು ಗೋಡೆಗೆ ನೇತುಹಾಕುವುದೇ. ಬಿಡಿಭಾಗ ಸಿಗುತ್ತದೆ, ಕೈಕೆಲಸ ಇಷ್ಟ ಅಂದರೆ ಮಾಡಿ. ಖರ್ಚು ಉಳಿಸಲು ಅಂತ ಯಾರೂ ಇದನ್ನು ಮಾಡಬಾರದು. ಉಳಿಯುವುದಿಲ್ಲ.

ಧೂಳೆಬ್ಬಿಸು:
ಬಿಡಿಭಾಗ ಇನ್ನೂ ಸಿಗುತ್ತದೆ. ಹಾಗಾಗಿ ಮಾಡುವುದೇ. 4ಎಸ್, 4274 ಸೈಜಿನ (42 ಮಿಮೀ ದಪ್ಪ, 74 ಮಿಮೀ ಉದ್ದ) 2000 ಕೆವಿ, ಸೆನ್ಸರ್ ಇಲ್ಲದ್ದು, 150 ಆಂಪ್ ಇಎಸ್‌ಸಿ ಅಂತ ತೀರ್ಮಾನ. ಮೌಂಟ್ @ಬಡಗಿಮನೆ ಹೇಳಿದ ಹಾಗೆ ಆಂಗಲ್‌ನಲ್ಲಿ, ಸ್ಲಾಟ್ ಹಾಕಿ. ಮೊದಲು ಯಾವ ಪಿನಿಯನ್ ಹಾಕಲಿ?

ಮೂರುತಂತಿ:
ಮೊದಲ ಉತ್ತರದಲ್ಲೇ ಹೇಳಿದ್ದೆ ನಾನು 😀

ಲೆಕ್ಕದಮೇಷ್ಟ್ರು:
13 ರಿಂದ ಶುರು ಮಾಡಿ. ಐದು ನಿಮಿಷ ಓಡಿಸಿ ನಿಲ್ಲಿಸಿ, ಮೋಟರ್ ಬಿಸಿ ನೋಡಿ. ಹೊರಗಿನ ಡಬ್ಬಿ 70 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ಒಂದು ಹಲ್ಲು ಏರಿಸಿ. 80 ದಾಟಿದರೆ ಇಳಿಸಿ. ಒಳಗಿನ ರೋಟರ್ ಹೊರಗಿಗಿಂತ ಜಾಸ್ತಿ ಬಿಸಿ ಇರುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಮೇಲೆ ಬಲ ಕಳೆದುಕೊಳ್ಳಲು ಶುರು ಮಾಡುತ್ತದೆ, ತಣ್ಣಗಾದರೂ ಅದು ಪೂರ್ತಿ ವಾಪಸ್ ಬರುವುದಿಲ್ಲ.

ಕಣ್ಣಳತೆ:
ಪಿನಿಯನ್‌ನ ಗ್ರಬ್ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೆ ಕೂರಬೇಕು. ಥ್ರೆಡ್ ಲಾಕ್ ಹಾಕಿ. ಮೌಂಟ್‌ನ ಬೋಲ್ಟ್‌ಗಳಿಗೂ ಹಾಕಿ. ಮೊದಲ ಬ್ಯಾಟರಿ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒಮ್ಮೆ ಬಿಗಿದು ನೋಡಿ.

ಟ್ರಗ್ಗಿತಾತ:
ಸಂಬಂಧ ಇಲ್ಲದ ಪ್ರಶ್ನೆ, ಆದರೆ ಎಲ್ಲರೂ ಇಲ್ಲೇ ಇದ್ದೀರಿ. ನನ್ನದೂ ಇದೇ ತರಹ ಬದಲಾಯಿಸಿದ ಟ್ರಗ್ಗಿ. ಪೂರ್ತಿ ಥ್ರಾಟಲ್ ಕೊಟ್ಟರೆ ಮುಂದಿನ ಟೈರ್ ಬಲೂನಿನಂತೆ ಉಬ್ಬುತ್ತದೆ. ಒಂದು ಟೈರ್ ರಿಮ್ಮಿನಿಂದ ಅಂಟು ಬಿಟ್ಟುಕೊಂಡಿತು. ಟೈರ್ ಕೆಟ್ಟದ್ದಾ?

ನಾಲ್ಕುಚಕ್ರ:
ಟೈರ್ ಅಲ್ಲ. ಸೆಂಟರ್ ಡಿಫ್ ಎಣ್ಣೆ ತೆಳ್ಳಗಿದೆ, ಎಲ್ಲ ಶಕ್ತಿ ಹಗುರ ಇರುವ ಮುಂದಿನ ಚಕ್ರಕ್ಕೆ ಹೋಗುತ್ತಿದೆ. ಎಷ್ಟು ಹಾಕಿದ್ದೀರಿ?

ಟ್ರಗ್ಗಿತಾತ:
ನೈಟ್ರೋದಲ್ಲಿ ಇದ್ದದ್ದೇ. ಬಿಚ್ಚಿಲ್ಲ.

ನಾಲ್ಕುಚಕ್ರ:
10,000 ಹಾಕಿ, ಟ್ರಗ್ಗಿ ಅಂದರೆ ಇನ್ನೂ ದಪ್ಪ ನೋಡಬಹುದು. ಇಎಸ್‌ಸಿಯಲ್ಲಿ ಪಂಚ್ (ಹೊರಡುವಾಗಿನ ಜೋರು) ಸೆಟ್ಟಿಂಗ್ ಇಳಿಸಿ. ಬಿಟ್ಟುಕೊಂಡ ಟೈರನ್ನು ಮತ್ತೆ ಅಂಟಿಸುವ ಮುಂಚೆ ಹಳೇ ಅಂಟು ಕೆರೆದು ತೆಗೆಯಿರಿ.